ಗೋಡೆಯ ಗೂಡಿನಿಂದ ತೂತಿನ ಕಬ್ಬಿಣಕ್ಕೆ

ಬೀದರ ನಗರದೊಳಗೆ ಬೆರೆತುಹೋಗಿರುವ ಚಿದ್ರಿಯಂಥ ಕಡೆ ಬಾಡಿಗೆ ಮನೆ ಖಾಲಿ ಮಾಡುವುದನ್ನು ನಿಂತು ನೋಡಿದವರಿಗೆ ಒಂದು ಸಂಗತಿ ಗಮನಕ್ಕೆ ಬಂದಿರಬಹುದು. ಹಾಸಿಗೆ, ಟ್ರಂಕು, ಪಾತ್ರೆ ತುಂಬಿದ ಗೋಣಿಚೀಲ, ಹಿಟ್ಟಿನ ಡಬ್ಬಿ ಎಲ್ಲವೂ ಟೆಂಪೋ ಏರಿದ ಮೇಲೆ ಕಟ್ಟಕಡೆಗೆ ಹೊರಬರುವುದು ತೂತು ತೂತಿನ ನಾಲ್ಕು ಕಬ್ಬಿಣದ ಪಟ್ಟಿ, ಐದಾರು ತಗಡಿನ ಹಲಗೆ ಮತ್ತು ಹಳೆಯ ಡಬ್ಬಿಯೊಂದರಲ್ಲಿ ಗಲಗಲ ಎನ್ನುವ ನಟ್ಟು-ಬೋಲ್ಟುಗಳು. ಹೊಸ ಮನೆ ಸೇರಿದಾಗ ಈ ಕ್ರಮ ತಿರುಗುಮುರುಗಾಗುತ್ತದೆ. ಅಲ್ಲಿ ಎಲ್ಲಕ್ಕಿಂತ ಮೊದಲು ಎದ್ದು ನಿಲ್ಲಬೇಕಾದದ್ದು ಇದೇ ಪಟ್ಟಿಗಳು. ಅವು ನಿಲ್ಲುವ ತನಕ ಉಪ್ಪಿನ ಡಬ್ಬಿಗೂ ನೆಲೆಯಿಲ್ಲ.

ಇದೇ ನಾವು ‘ರ‍್ಯಾಕು’ ಎಂದು ಕರೆಯುವ ಅಗ್ಗದ ಕಬ್ಬಿಣದ ಕಪಾಟು. ಕಪಾಟು ಎಂದರೂ ಅದಕ್ಕೆ ಬಾಗಿಲಿಲ್ಲ, ಬೀಗವಿಲ್ಲ, ಬೆನ್ನೂ ಇಲ್ಲ. ಕಿರಾಣಿ ಅಂಗಡಿ, ಔಷಧದ ಅಂಗಡಿ, ತಹಸೀಲು ಕಚೇರಿಯ ದಾಖಲೆ ಕೋಣೆ, ಶಾಲೆಯ ಗ್ರಂಥಾಲಯ, ಎಲ್ಲೆಲ್ಲೂ ಇರುವುದರಿಂದಲೇ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಈ ಬಡಪಾಯಿ ವಸ್ತುವಿಗೂ ಒಂದು ಚರಿತ್ರೆಯಿದೆ. ಅದು ಹುಟ್ಟಿದ್ದು ದೂರದ ಲಂಡನ್ನಿನಲ್ಲಿ. ಬೀದರ, ಭಾಲ್ಕಿ, ಔರಾದಗಳ ಮನೆಗಳಲ್ಲಿ ಅದು ಬಂದು ನಿಂತದ್ದು ನಮ್ಮದೇ ಹಳೆಯ ಗೋಡೆಗಳು ಖಾಲಿ ಮಾಡಿಕೊಟ್ಟ ಜಾಗದಲ್ಲಿ. ಆದ್ದರಿಂದ ರ‍್ಯಾಕಿನ ಕಥೆಯನ್ನು ಗೋಡೆಯಿಂದಲೇ ಆರಂಭಿಸಬೇಕು.

ಗೋಡೆಯೇ ಕಪಾಟಾಗಿದ್ದ ಕಾಲ

ಬೀದರ ನಗರ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಜಂಬಿಟ್ಟಿಗೆಯ ಗುಣ ವಿಚಿತ್ರವಾದುದು. ನೆಲದೊಳಗಿರುವಾಗ ಅದು ಮೆತು. ಹೊರತೆಗೆದು ಗಾಳಿ ಬಿಸಿಲಿಗೆ ಒಡ್ಡಿದರೆ ಗಡುಸಾಗುತ್ತದೆ. ಹೀಗಾಗಿ ಅದನ್ನು ದಿಮ್ಮಿಗಳಾಗಿ ಕಡಿದು ದಪ್ಪ ಗೋಡೆ ಎಬ್ಬಿಸುವುದು ಸುಲಭ. ಬೀದರವನ್ನು ಬಿಟ್ಟು ಭಾಲ್ಕಿ, ಔರಾದಗಳ ಎರೆಭೂಮಿಗೆ ಇಳಿದರೆ ಕಪ್ಪು ಕಲ್ಲು, ಮಣ್ಣಿನ ಮೆತ್ತುಗೆ ಮತ್ತು ಮಣ್ಣಿನ ಮಾಳಿಗೆಯ ಮನೆಗಳು. ಎರಡು ಕಡೆಯೂ ಗೋಡೆ ಎಂದರೆ ಎರಡು ಮೂರು ಅಡಿ ದಪ್ಪದ್ದು. ಬೇಸಿಗೆಯ ಬಿಸಿಲು ಒಳಗೆ ಬರದಂತೆ ತಡೆಯಲು, ಮೇಲಿನ ಮಣ್ಣಿನ ಭಾರ ಹೊರಲು ಅಷ್ಟು ದಪ್ಪ ಬೇಕಾಗಿತ್ತು.

ಇಷ್ಟು ದಪ್ಪದ ಗೋಡೆಯಲ್ಲಿ ಒಂದು ಮೊಳ ಆಳದ ಖಾಲಿ ಜಾಗ ಬಿಟ್ಟರೆ ಕಪಾಟು ತಾನಾಗಿ ಸಿದ್ಧವಾಗುತ್ತದೆ. ಅದೇ ಗೂಡು, ಅದೇ ಮಾಡ. ಉರ್ದು ಮಾತಾಡುವ ಮನೆಗಳಲ್ಲಿ ಅದು ತಾಖ್. ಬಾಗಿಲ ಪಕ್ಕದ ಸಣ್ಣ ಗೂಡಿನಲ್ಲಿ ಹಣತೆ, ಅಡುಗೆಯ ಕೋಣೆಯ ಗೂಡಿನಲ್ಲಿ ಉಪ್ಪು ಖಾರ, ನಡುಮನೆಯ ಗೂಡಿನಲ್ಲಿ ವಿಭೂತಿ ಕರಡಿಗೆ ಮತ್ತು ಪುಸ್ತಕ. ಮುಸ್ಲಿಮರ ಮನೆಗಳಲ್ಲಿ ಎತ್ತರದ ತಾಖಿನಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಕುರಾನು. ಯಾವುದಾದರೂ ವಿಷಯವನ್ನು ಬದಿಗೆ ಸರಿಸುವುದಕ್ಕೆ ಉರ್ದುವಿನಲ್ಲಿ ‘ತಾಖಿನ ಮೇಲಿಡು’ ಎಂಬ ನುಡಿಗಟ್ಟೇ ಇದೆ. ಗೂಡು ಜನರ ಬದುಕಿನೊಳಗೆ ಎಷ್ಟು ಆಳಕ್ಕೆ ಹೋಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಗೂಡಿಗೆ ಹಿಡಿಯದ್ದಕ್ಕೆ ಬೇರೆ ಏರ್ಪಾಟುಗಳಿದ್ದವು. ಹಾಲು ಮೊಸರನ್ನು ಬೆಕ್ಕಿಗೆ ಎಟುಕದಂತೆ ಜಂತಿಗೆ ತೂಗಿಬಿಟ್ಟ ನೆಲುವು, ಒಂದರ ಮೇಲೊಂದು ಗಡಿಗೆ ಏರಿಸಿದ ಅಡಕಲು, ಜೋಳಕ್ಕೆ ನೆಲದೊಳಗಿನ ಹಗೇವು, ರೇಷ್ಮೆ ಸೀರೆಗೂ ಜಮೀನಿನ ಕಾಗದಕ್ಕೂ ಒಂದೇ ಸಂದೂಕ. ಇವುಗಳಲ್ಲಿ ಸಂದೂಕವೊಂದನ್ನು ಬಿಟ್ಟರೆ ಎತ್ತಿಕೊಂಡು ಹೋಗುವಂಥದ್ದು ಕಡಿಮೆ. ಸಂಗ್ರಹದ ವ್ಯವಸ್ಥೆಯೆಲ್ಲ ಮನೆಯ ಒಡಲಲ್ಲೇ ಸೇರಿಹೋಗಿತ್ತು. ಮನೆ ತಲೆಮಾರುಗಳ ಕಾಲ ಒಂದೇ ಕುಟುಂಬದ್ದಾಗಿರುತ್ತಿದ್ದಾಗ ಅದರಿಂದ ತೊಂದರೆಯೂ ಇರಲಿಲ್ಲ.

ಬಡವರ ಗೂಡಿಗೂ ಅರಸರ ಗೂಡಿಗೂ ವ್ಯತ್ಯಾಸ ಅಲಂಕಾರದಲ್ಲಷ್ಟೇ. ಬಹಮನಿ ಸುಲ್ತಾನ ಅಹಮದ್ ಶಾಹ 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ತಂದ ಮೇಲೆ ಎದ್ದ ಕಟ್ಟಡಗಳಲ್ಲಿ ಗಾರೆಯ ಕಮಾನಿನ ಗೂಡುಗಳು ಗೋಡೆಯ ಸೊಬಗೇ ಆದವು. ಪರ್ಷಿಯಾದ ಗೀಲಾನಿನಿಂದ ಬಂದು ಪ್ರಧಾನಿಯಾದ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿ ಮುಗಿಸಿದ ಮೂರಂತಸ್ತಿನ ಮದರಸಾದಲ್ಲಿ ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯವಿತ್ತೆಂದು ಹೇಳಿಕೆಯಿದೆ. 17ನೇ ಶತಮಾನದ ಕೊನೆಗೆ, ಮೊಗಲರ ಕಾಲದಲ್ಲಿ, ಮದ್ದಿನ ಸಿಡಿತಕ್ಕೆ ಆ ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಗೋಡೆಯೇ ಕಪಾಟಾಗಿದ್ದಾಗ ಗೋಡೆಯ ಗತಿಯೇ ಅದರೊಳಗಿನದರ ಗತಿ.

ಗೋಡೆ ತೆಳುವಾಯಿತು

ಈ ಮಾತು ಎಷ್ಟು ಕಠೋರ ಸತ್ಯ ಎಂಬುದನ್ನು ಈ ಭಾಗದ ಜನ 1993ರಲ್ಲಿ ಕಣ್ಣಾರೆ ಕಂಡರು. ಆ ವರ್ಷ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಬೀಳ್ಕೊಟ್ಟು ಜನ ಮಲಗಿದ್ದಾಗ, ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯನ್ನು ಭೂಕಂಪ ನೆಲಸಮ ಮಾಡಿತು. ಸತ್ತವರು ಸುಮಾರು 10 ಸಾವಿರ. ಆ ಸೀಮೆ ಬೀದರದವರಿಗೆ ಪರನಾಡಲ್ಲ. ಈಗ ಲಾತೂರಿಗೆ ಸೇರಿರುವ ಉದಗೀರ, ನಿಲಂಗಾ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಯಲ್ಲೇ ಇದ್ದವು. ಎರಡೂ ಕಡೆ ಒಂದೇ ಬಗೆಯ ಮಣ್ಣು, ಒಂದೇ ಬಗೆಯ ಮನೆ, ಬಂಧು ಬಳಗವೂ ಒಂದೇ.

ಅಂದು ಜನರನ್ನು ಕೊಂದದ್ದು ಭೂಮಿಯ ಅಲುಗಾಟಕ್ಕಿಂತ ಹೆಚ್ಚಾಗಿ ಅವರವರ ಮನೆಯ ಗೋಡೆ ಮತ್ತು ಮಾಳಿಗೆ. ಮಣ್ಣಿನ ಮೆತ್ತುಗೆಯಲ್ಲಿ ಕೂರಿಸಿದ ಗುಂಡುಕಲ್ಲಿನ ದಪ್ಪ ಗೋಡೆಗಳು ಒಳಗೂ ಹೊರಗೂ ಸೀಳಿ ಕುಸಿದವು. ಮೇಲಿನ ಮಣ್ಣಿನ ರಾಶಿ ಮಲಗಿದ್ದವರ ಮೇಲೆ ಬಿತ್ತು. ಬದುಕುಳಿದವರಲ್ಲಿ ಅನೇಕರು ಆಮೇಲೆ ಬಹುಕಾಲ ಕಲ್ಲಿನ ಮನೆಯೊಳಗೆ ಮಲಗಲು ಹೆದರಿ ಪತ್ರಾದ ಶೆಡ್ಡುಗಳಲ್ಲಿ ಕಾಲ ಕಳೆದರು. ತಲೆಯ ಮೇಲೆ ತಗಡಿದ್ದರೆ ಬಿಸಿಲಿಗೆ ಬೇಯಬೇಕು, ಆದರೆ ಪ್ರಾಣ ಉಳಿಯುತ್ತದೆ ಎಂಬ ಲೆಕ್ಕ ಅದು.

ತೆಳು ಗೋಡೆಯ ಕಾಲ ಅದಕ್ಕೆ ಮುಂಚೆಯೇ ಶುರುವಾಗಿತ್ತು ಎಂಬುದನ್ನು ಒಪ್ಪಬೇಕು. ಸಿಮೆಂಟು, ಸುಟ್ಟ ಇಟ್ಟಿಗೆ, ಕಾಂಕ್ರೀಟಿನ ಛಾವಣಿ ಬಂದ ಮೇಲೆ ಎರಡು ಅಡಿಯ ಗೋಡೆ ಒಂಬತ್ತು ಇಂಚಿಗೆ ಇಳಿಯಿತು. ಒಳಗೋಡೆಗಳು ನಾಲ್ಕೂವರೆ ಇಂಚಿಗೆ ಬಂದು ನಿಂತವು. ನಿವೇಶನದ ಬೆಲೆ ಏರಿದಂತೆ ಗೋಡೆಯ ದಪ್ಪವೂ ದುಂದುವೆಚ್ಚವಾಗಿ ಕಂಡಿತು. ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಹಣತೆ ಇಡುವಷ್ಟೂ ಗೂಡು ತೆಗೆಯಲು ಬಾರದು. ಹೀಗೆ ಗೋಡೆ ತಾನು ಶತಮಾನಗಳಿಂದ ಮಾಡಿಕೊಂಡು ಬಂದಿದ್ದ ಕೆಲಸವೊಂದನ್ನು ಸದ್ದಿಲ್ಲದೆ ಕೈಬಿಟ್ಟಿತು. ಸಾಮಾನುಗಳೇನೋ ಕಡಿಮೆಯಾಗಲಿಲ್ಲ, ಹೆಚ್ಚೇ ಆದವು. ಅವು ಎಲ್ಲಿಗೆ ಹೋಗಬೇಕು?

ಸಾಹೇಬರ ಬೀರು, ಬಡವರ ಹಲಗೆ

ಇದ್ದವರ ಮನೆಗೆ ಉತ್ತರ ಸಿದ್ಧವಾಗಿತ್ತು: ಅಲಮಾರಿ. ಈ ಪದವೇ ಒಂದು ಚರಿತ್ರೆ. ಆಯುಧ ಇಡುವ ಜಾಗಕ್ಕೆ ಲ್ಯಾಟಿನ್ನಿನಲ್ಲಿ ಆರ್ಮಾರಿಯಂ ಎನ್ನುತ್ತಿದ್ದರು. ಅದು ಪೋರ್ಚುಗೀಸರ ಬಾಯಲ್ಲಿ ಅರ್ಮಾರಿಯೋ ಆಗಿ, ಹಡಗೇರಿ ಬಂದು, ನಮ್ಮ ಭಾಷೆಗಳಲ್ಲಿ ಅಲಮಾರಿಯಾಗಿ ನೆಲೆ ನಿಂತಿತು. ಮರದ ಅಲಮಾರಿಯ ಜಾಗಕ್ಕೆ ಉಕ್ಕಿನದು ಬಂದದ್ದು 20ನೇ ಶತಮಾನದಲ್ಲಿ. ವಕೀಲಿ ಬಿಟ್ಟು 1897ರಲ್ಲಿ ಮುಂಬಯಿಯಲ್ಲಿ ಬೀಗ ತಯಾರಿಕೆಗೆ ಇಳಿದ ಅರ್ದೇಶಿರ್ ಗೋದ್ರೇಜರ ಕಂಪನಿ 1923ರಲ್ಲಿ ಉಕ್ಕಿನ ಬೀರುಗಳನ್ನು ತಯಾರಿಸತೊಡಗಿತು. ಮುಂದೆ ಮದುವೆಯಲ್ಲಿ ಬೀರು ಕೊಡುವುದು ಮಧ್ಯಮವರ್ಗದ ಮನೆತನದ ಮರ್ಯಾದೆಯ ಪ್ರಶ್ನೆಯೇ ಆಯಿತು. ಅದೇ ವರ್ಷ ನಮ್ಮ ಭದ್ರಾವತಿಯಲ್ಲೂ ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು ಎಂಬುದು ನೆನಪಿಡಬೇಕಾದ ಸಂಗತಿ.

ಆದರೆ ಬೀರು ದುಬಾರಿ, ಭಾರ, ಬದಲಾಯಿಸಲು ಬಾರದ್ದು. ಅದರಲ್ಲಿ ಚಿನ್ನ ಇಡಬಹುದು, ಚಟ್ಟಿ ಇಡಲಾಗದು. ಕೊಡ, ಕೊಪ್ಪರಿಗೆ, ಹಿಟ್ಟಿನ ಡಬ್ಬಿ, ಮಕ್ಕಳ ಪುಸ್ತಕ, ಬಿಚ್ಚಿಟ್ಟ ಚಪ್ಪಲಿ ಇವಕ್ಕೆಲ್ಲ ಬೇರೆಯೇ ಒಂದು ದಾರಿ ಬೇಕಾಗಿತ್ತು. ಮರಾಠಿ ಮನೆಗಳಲ್ಲಿ ಮಾಂಡಣಿ ಎಂದು ಕರೆಯುವ ಪಾತ್ರೆಯ ಸ್ಟ್ಯಾಂಡು ಒಂದು ಪರಿಹಾರವಾಯಿತು. ಇನ್ನೊಂದು, ಹೆಚ್ಚು ಸ್ವತಂತ್ರವಾದದ್ದು, ತೂತಿನ ಕಬ್ಬಿಣ.

ಮುದ್ರಣಾಲಯದಲ್ಲಿ ಹೊಳೆದ ಯುಕ್ತಿ

ಇದರ ಹಿಂದೆ ಇರುವ ಹೆಸರು ಡಿಮಿಟ್ರಿಯಸ್ ಕೊಮಿನೊ. ಗ್ರೀಕ್ ಮೂಲದ ಕುಟುಂಬದಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಎಂಜಿನಿಯರಿಂಗ್ ಓದಿದವರು. ಲಂಡನ್ನಿನಲ್ಲಿ ಒಂದು ಮುದ್ರಣಾಲಯ ನಡೆಸುತ್ತಿದ್ದ ಅವರಿಗೆ ಒಂದು ತಲೆನೋವಿತ್ತು. ಕಾಗದದ ರೀಮು, ಮೊಳೆಯ ಪೆಟ್ಟಿಗೆ ಇವಕ್ಕೆಲ್ಲ ಬಡಗಿಯಿಂದ ಹಲಗೆ ಹೊಡೆಸಬೇಕು. ಆರು ತಿಂಗಳಿಗೆ ಕೆಲಸದ ರೀತಿ ಬದಲಾದರೆ ಅದನ್ನು ಕಿತ್ತು ಮತ್ತೆ ಹೊಡೆಸಬೇಕು. ಮರವೂ ಹಾಳು, ಕೂಲಿಯೂ ದಂಡ. 1930ರ ದಶಕದಲ್ಲಿ ಅವರಿಗೆ ಹೊಳೆದದ್ದು ಇಷ್ಟೇ. ಉಕ್ಕಿನ ಪಟ್ಟಿಯನ್ನು ಉದ್ದಕ್ಕೆ ಮಡಚಿ ಮೂಲೆಯಂತೆ ಮಾಡಿ, ಅದರ ತುಂಬ ಮೊದಲೇ ತೂತು ಹೊಡೆದಿಟ್ಟರೆ ಹೇಗೆ? ಬೇಕಾದಲ್ಲಿ ಬೋಲ್ಟು ಹಾಕಬಹುದು, ಬೇಡವಾದಾಗ ಬಿಚ್ಚಬಹುದು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಇದನ್ನು ತಯಾರಿಸಲು ಅವರು ಡೆಕ್ಸಿಯಾನ್ ಎಂಬ ಕಂಪನಿಯನ್ನು ತೆರೆದರು. ಉಗ್ರಾಣಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. ಅದೇ ಮಾದರಿಯ ಪಟ್ಟಿಗಳು ಮುಂದೆ ಜಗತ್ತಿನ ಮೂಲೆಮೂಲೆಯಲ್ಲೂ ತಯಾರಾದವು. ನಮ್ಮಲ್ಲಿ ಸಣ್ಣ ಊರಿನ ಫ್ಯಾಬ್ರಿಕೇಶನ್ ಅಂಗಡಿಯವರಿಗೂ ‘ಸ್ಲಾಟೆಡ್ ಆಂಗಲ್’ ಪರಿಚಿತ ಮಾತಾಯಿತು.

ತೂತಿನ ಪಟ್ಟಿ ಕೊಮಿನೊಗಿಂತ ಮೊದಲು ಮಕ್ಕಳ ಕೈಯಲ್ಲಿತ್ತು ಎಂಬುದು ಸ್ವಾರಸ್ಯಕರ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬಾತ 1901ರಲ್ಲಿ ಹಕ್ಕುಪತ್ರ ಪಡೆದ ಆಟಿಕೆಯೇ ಮುಂದೆ ಮೆಕ್ಯಾನೋ ಎಂದು ಪ್ರಸಿದ್ಧವಾಯಿತು. ನಮ್ಮ ದೇಶದ ಮಕ್ಕಳು ಅದರದೇ ಬಗೆಯ ‘ಮೆಕ್ಯಾನಿಕ್ಸ್’ ಪೆಟ್ಟಿಗೆಯಿಂದ ಕ್ರೇನು, ಸೇತುವೆ ಕಟ್ಟಿ ಬಿಚ್ಚಿದ್ದಾರೆ. ರ‍್ಯಾಕನ್ನು ದೊಡ್ಡವರ ಮೆಕ್ಯಾನಿಕ್ಸ್ ಎಂದರೆ ತಪ್ಪಾಗಲಾರದು. ಅದನ್ನು ಕಟ್ಟಲು ಬೆಸುಗೆ ಬೇಡ, ಬಡಗಿ ಬೇಡ. ಒಂದು ಪಾನಾ ಸಾಕು.

ಅಷ್ಟು ತೆಳು ತಗಡು ಅಷ್ಟು ಭಾರ ಹೊರುವುದು ಹೇಗೆ? ಒಂದು ಅಂಚೆ ಕಾರ್ಡನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟು ಮೇಲೊಂದು ನಾಣ್ಯವಿಡಿ, ಕಾರ್ಡು ಬಾಗುತ್ತದೆ. ಅದನ್ನೇ ಉದ್ದಕ್ಕೆ ಮಡಚಿ ಏಣು ಮೇಲಾಗುವಂತೆ ಇಡಿ. ಹಲವು ನಾಣ್ಯ ಹೊರುತ್ತದೆ. ಕಾಗದ ಅದೇ, ಮಡಿಕೆಯಷ್ಟೇ ಹೊಸದು. ಮೂಲೆಪಟ್ಟಿಯ ಗುಟ್ಟು ಇದೇ, ತಗಡಿನ ಹಲಗೆಯ ಅಂಚನ್ನು ಕೆಳಕ್ಕೆ ಮಡಚಿರುವುದರ ಗುಟ್ಟೂ ಇದೇ. ಇನ್ನು ರ‍್ಯಾಕಿನ ಮೂಲೆಗಳಲ್ಲಿ ಕೂರಿಸುವ ತ್ರಿಕೋನದ ಸಣ್ಣ ತಗಡು. ನಾಲ್ಕು ಕಡ್ಡಿಗಳ ಚೌಕವನ್ನು ತಳ್ಳಿದರೆ ವಾಲುತ್ತದೆ, ಮೂರು ಕಡ್ಡಿಗಳ ತ್ರಿಕೋನ ವಾಲುವುದಿಲ್ಲ. ಆ ಸಣ್ಣ ತಗಡು ಚೌಕದ ಮೂಲೆಯಲ್ಲಿ ಒಂದು ತ್ರಿಕೋನವನ್ನು ಹುಟ್ಟಿಸುತ್ತದೆ. ಅದನ್ನು ಕಳೆದುಕೊಂಡ ರ‍್ಯಾಕು ಕುಡಿದವನಂತೆ ತೂರಾಡುವುದು ಈ ಕಾರಣಕ್ಕೆ.

ವರ್ಗಾವಣೆಯ ಊರಿನಲ್ಲಿ

ಬೀದರ ಬಹುಕಾಲದಿಂದ ವರ್ಗಾವಣೆಯ ಊರು. ವಾಯುಪಡೆಯ ತರಬೇತಿ ನೆಲೆ ಇಲ್ಲಿದೆ. ರಾಜ್ಯದ ನೆತ್ತಿಯ ಮೇಲಿರುವ ಈ ಜಿಲ್ಲೆಗೆ ದಕ್ಷಿಣದ ನೌಕರರನ್ನು ಶಿಕ್ಷೆಗೆಂದು ಕಳಿಸುತ್ತಾರೆ ಎಂಬ ಮಾತು ಸರ್ಕಾರಿ ಕಚೇರಿಗಳಲ್ಲಿ ಹಳೆಯ ನಗೆಮಾತಾಗಿತ್ತು. ಮುಖ ಸಣ್ಣದು ಮಾಡಿಕೊಂಡು ಬಂದವರು ಇಲ್ಲಿನ ಜನರ ಸ್ನೇಹಕ್ಕೆ ಒಲಿದು ಮನೆ ಕಟ್ಟಿಕೊಂಡದ್ದೂ ಉಂಟು. ಶಿಕ್ಷಕರು, ಬ್ಯಾಂಕಿನವರು, ಔರಾದ ಭಾಲ್ಕಿಗಳ ಹಳ್ಳಿಗಳಿಂದ ಮಕ್ಕಳ ಓದಿಗಾಗಿ ನಗರಕ್ಕೆ ಬಂದು ಕೋಣೆ ಹಿಡಿದವರು, ಇವರೆಲ್ಲರಿಗೂ ಬೇಕಾದದ್ದು ಹೋದಲ್ಲಿಗೆ ಬರುವ ಗೂಡು.

ಗೋಡೆಯ ಗೂಡು ಮನೆಯ ಸ್ವತ್ತು. ರ‍್ಯಾಕು ಮನೆಮಂದಿಯ ಸ್ವತ್ತು. ಬಾಡಿಗೆದಾರ ಗೋಡೆಗೆ ಒಂದು ಮೊಳೆ ಹೊಡೆಯಲೂ ಮಾಲೀಕರ ಮುಖ ನೋಡಬೇಕು. ರ‍್ಯಾಕಿಗೆ ಆ ಹಂಗು ಕಡಿಮೆ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯವಾದುದು. ಗೂಡು ಎಷ್ಟು ಎತ್ತರದಲ್ಲಿರಬೇಕು, ಎಷ್ಟು ಅಗಲವಿರಬೇಕು ಎಂಬುದನ್ನು ಗೌಂಡಿಯೂ ಮನೆಯ ಯಜಮಾನನೂ ಸೇರಿ ಒಮ್ಮೆ ನಿರ್ಧರಿಸಿದರೆ ಮುಗಿಯಿತು. ದಿನವೂ ಅದಕ್ಕೆ ಕೈಚಾಚುವ ಹೆಂಗಸನ್ನು ಯಾರು ಕೇಳುತ್ತಿದ್ದರು? ರ‍್ಯಾಕಿನ ಹಲಗೆ ಎಟುಕದಿದ್ದರೆ ಎಂಟು ಬೋಲ್ಟು ಬಿಚ್ಚಿ ಎರಡು ತೂತು ಕೆಳಗಿಳಿಸಿದರಾಯಿತು. ಅತ್ತೆ ನೆಲದ ಮೇಲೆ ಕೂತು ಅಡುಗೆ ಮಾಡುತ್ತಿದ್ದ ಮನೆಯಲ್ಲಿ ಸೊಸೆ ಕಟ್ಟೆಯ ಮುಂದೆ ನಿಂತು ಮಾಡುವಂತಾದಾಗ ಸಾಮಾನುಗಳೂ ಮೇಲೇರಬೇಕಾಯಿತು. ಕಲ್ಲಿನ ಗೂಡು ಏರಲಾರದು. ತೂತಿನ ಕಬ್ಬಿಣ ಏರಿತು.

ಹೊಸ ರ‍್ಯಾಕೇ ಬೇಕೆಂದಿಲ್ಲ. ಅಂಗಡಿ ಮುಚ್ಚಿದಾಗ, ಕಚೇರಿ ಬದಲಾದಾಗ ಹಳೆಯ ಪಟ್ಟಿಗಳು ಗುಜರಿಗೆ ಬರುತ್ತವೆ. ಬೀದರ ಸೀಮೆಯಲ್ಲಿ ಅದಕ್ಕೆ ಭಂಗಾರ ಎಂದು ಹೆಸರು. ಅಲ್ಲಿ ಅದು ತೂಕಕ್ಕೆ ಸಿಗುವ ಕಬ್ಬಿಣ. ಅದನ್ನು ಕೊಳ್ಳುವಾಗ ನೋಡಬೇಕಾದದ್ದು ತಗಡಿನ ಗೇಜು. ಗೇಜಿನ ಲೆಕ್ಕ ತಿರುಗುಮುರುಗು. ಸಂಖ್ಯೆ ಹೆಚ್ಚಿದಂತೆ ತಗಡು ತೆಳು. 14 ಗೇಜೆಂದರೆ ಸುಮಾರು 2 ಮಿಲಿಮೀಟರ್, 18 ಎಂದರೆ 1.2, 22 ಎಂದರೆ 0.7. ನಿಲ್ಲುವ ಪಟ್ಟಿ ದಪ್ಪನಾಗಿರಲಿ, ಹಲಗೆ ತೆಳುವಿದ್ದರೂ ನಡೆಯುತ್ತದೆ.

ಒಂದೇ ಕಬ್ಬಿಣ, ಹಲವು ಅವತಾರ

ಇನ್ನು ಅದರಿಂದ ಏನೇನು ಮಾಡಬಹುದು? ನಮ್ಮ ಮನೆಗಳಲ್ಲಿ ಜನ ಕಂಡುಕೊಂಡಿರುವ ಉಪಾಯಗಳೇ ಸಾಕಷ್ಟಿವೆ.

ಮೊದಲನೆಯದು ಅತಿ ಸರಳ. ಹಲಗೆಯನ್ನು ಬೋರಲು ಹಾಕುವ ಬದಲು ಅಂಗಾತ ಕೂರಿಸುವುದು. ಆಗ ಕೆಳಕ್ಕೆ ಮಡಚಿದ್ದ ಅಂಚು ಮೇಲಾಗಿ ಹಲಗೆ ಒಂದು ತಟ್ಟೆಯಾಗುತ್ತದೆ. ಅದರಿಂದ ಲೋಟ, ಬಾಟಲಿ ಜಾರಿ ಬೀಳುವುದಿಲ್ಲ. ಅದೇ ತಟ್ಟೆಯಲ್ಲಿ ಜಲ್ಲಿ ಹರಡಿ ಮಾಳಿಗೆಯ ಮೇಲಿಟ್ಟರೆ ತುಳಸಿ, ಪುದೀನ, ಕೊತ್ತಂಬರಿಯ ಕುಂಡಗಳಿಗೆ ಹಂತಹಂತದ ತೋಟವಾಗುತ್ತದೆ. ನೀರು ನಿಲ್ಲದಂತೆ ನಾಲ್ಕು ತೂತು ಇರಬೇಕು ಅಷ್ಟೇ. ಬೇಸಿಗೆಯಲ್ಲಿ ಅದರ ಮೇಲೆ ಶುಭ್ರವಾದ ಬಟ್ಟೆ ಹಾಸಿ ಸಂಡಿಗೆ, ಹಪ್ಪಳ ಒಣಗಿಸಬಹುದು. ಬಣ್ಣ ಬಳಿದ ತಗಡಿಗೆ ಆಹಾರ ನೇರವಾಗಿ ತಾಗದಿರಲಿ.

ಏಳು ಅಡಿಯ ಪಟ್ಟಿಯನ್ನು ನಾಲ್ಕಕ್ಕೂ ಮೂರಕ್ಕೂ ಕತ್ತರಿಸಿದರೆ ಒಂದು ರ‍್ಯಾಕು ಎರಡಾಗುತ್ತದೆ. ಗಿಡ್ಡನೆಯದು ಅಡುಗೆಯ ಕೋಣೆಗೆ ಹೋಗುತ್ತದೆ. ಇನ್ನೊಂದರ ಅಡಿಹಲಗೆಯನ್ನು ನೆಲದಿಂದ ಅರ್ಧ ಅಡಿ ಮೇಲೆ ಕೂರಿಸಿದರೆ ಜೋಳ, ತೊಗರಿಯ ಚೀಲಗಳಿಗೆ ತೇವ ತಾಗುವುದಿಲ್ಲ, ಇಲಿ ಬಂದರೂ ಕಣ್ಣಿಗೆ ಬೀಳುತ್ತದೆ. ಖಡಕ್ ರೊಟ್ಟಿಯ ಬುಟ್ಟಿ ಮೇಲಿನ ಹಲಗೆಯ ಮೇಲೆ, ಗಾಳಿಯಾಡುವಲ್ಲಿ. ಹಳೆಯ ನೆಲುವು, ಅಡಕಲು, ಹಗೇವು ಮಾಡುತ್ತಿದ್ದ ಮೂರು ಕೆಲಸಗಳನ್ನೂ ಈ ನಾಲ್ಕು ಪಟ್ಟಿ ಒಂದೇ ಕಡೆ ಮಾಡುತ್ತವೆ.

ಇಪ್ಪತ್ತೆಂಟರಿಂದ ಮೂವತ್ತು ಇಂಚು ಎತ್ತರದ ಎರಡು ಸಣ್ಣ ರ‍್ಯಾಕುಗಳ ಮೇಲೆ ಹಳೆಯ ಬಾಗಿಲನ್ನೋ ಹಲಗೆಯನ್ನೋ ಅಡ್ಡವಿಟ್ಟು ಬಿಗಿದರೆ ಓದುವ ಮೇಜು ಸಿದ್ಧ. ಎರಡು ಬದಿಗೂ ಪುಸ್ತಕ, ನಡುವೆ ಕಾಲು ಚಾಚಲು ಜಾಗ. ಒಂದೇ ಕೋಣೆಯಲ್ಲಿ ಅಣ್ಣತಮ್ಮಂದಿರು ಓದುವ ಮನೆಯಲ್ಲಿ ತನ್ನದೆನ್ನುವ ಒಂದು ಮೂಲೆ ಸಿಗುವುದು ಸಣ್ಣ ಮಾತಲ್ಲ. ಎತ್ತರದ ರ‍್ಯಾಕಿನ ನಡುವಿನ ಹಲಗೆಗಳನ್ನು ತೆಗೆದು ಒಂದು ಕೊಳವೆ ತೂರಿಸಿ, ಮುಂದೆ ಹಳೆಯ ಸೀರೆಯ ಪರದೆ ಬಿಟ್ಟರೆ ಬಟ್ಟೆಯ ಅಲಮಾರಿ. ಪಕ್ಕಕ್ಕೆ ತಗಡು ಹೊಡೆದರೆ ಅಯಸ್ಕಾಂತದಿಂದ ಹಾಲಿನ ಲೆಕ್ಕ, ಶಾಲೆಯ ವೇಳಾಪಟ್ಟಿ ಅಂಟಿಸುವ ಫಲಕ.

ಹಬ್ಬದಲ್ಲಿ ಅದು ಇನ್ನೊಂದು ವೇಷ ಹಾಕುತ್ತದೆ. ಮೈಸೂರು ಕಡೆ ನವರಾತ್ರಿಗೆ ಗೊಂಬೆ ಕೂರಿಸುವವರು ತೂತಿನ ಪಟ್ಟಿಗಳಿಂದ ಮೆಟ್ಟಿಲು ಕಟ್ಟುತ್ತಾರೆ. ಉತ್ತರದ ಗಡಿಯ ಮನೆಗಳಲ್ಲಿ ಭಾದ್ರಪದದಲ್ಲಿ ಮಹಾಲಕ್ಷ್ಮಿ ಕೂಡಿಸುವಾಗ ಹಿಂದಿನ ಅಲಂಕಾರಕ್ಕೂ ಮುಂದಿನ ಫರಾಳದ ತಟ್ಟೆಗಳ ಸಾಲಿಗೂ ಅದು ಹೆಗಲು ಕೊಡುತ್ತದೆ. ಮೇಲೆ ರೇಷ್ಮೆ ಸೀರೆ ಹಾಸಿದರೆ ಕೆಳಗಿರುವುದು ನಿನ್ನೆಯವರೆಗೆ ಚಪ್ಪಲಿ ಹೊತ್ತಿದ್ದ ಕಬ್ಬಿಣ ಎಂದು ಯಾರಿಗೂ ಹೊಳೆಯದು. ತೊಳೆದು ಮಡಿ ಮಾಡಿದ ಮೇಲೆ ಕಬ್ಬಿಣಕ್ಕೆ ಮೈಲಿಗೆಯೂ ಇಲ್ಲ.

ಎಚ್ಚರಿಕೆಯ ಮಾತು

ಅಗ್ಗದ ವಸ್ತು ಎಂದು ಅಸಡ್ಡೆ ಮಾಡುವಂತಿಲ್ಲ. ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ. ಇದು ಮೊದಲ ನಿಯಮ. ಹಲಗೆಯ ನಡುವೆ ಒಂದೇ ಕಡೆ ಭಾರ ಹೇರಿದರೆ ಅದು ಬಾಗುತ್ತದೆ. ಹರಡಿ ಇಡಬೇಕು, ಇಲ್ಲವೇ ಅಡಿಗೆ ಇನ್ನೊಂದು ಪಟ್ಟಿ ಕೊಡಬೇಕು. ಎತ್ತರದ ರ‍್ಯಾಕನ್ನು ಕನಿಷ್ಠ ಎರಡು ಕಡೆ ಗೋಡೆಗೆ ಬಿಗಿಯಲೇಬೇಕು. ಮಕ್ಕಳು ಅದನ್ನು ಏಣಿ ಎಂದುಕೊಳ್ಳುತ್ತಾರೆ. ಕಿಲ್ಲಾರಿಯನ್ನು ಕಂಡ ಸೀಮೆಯಲ್ಲಿ ನೆಲ ಅಲುಗಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಈ ಒಂದು ವಿಷಯದಲ್ಲಿ ಬಾಡಿಗೆದಾರನೂ ಮಾಲೀಕರನ್ನು ಕೇಳಿ ಎರಡು ಮೊಳೆ ಹೊಡೆಯುವುದೇ ಸರಿ. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ, ಕಾಲಿಗೆ ರಬ್ಬರಿನ ಟೊಪ್ಪಿ ಹಾಕಬೇಕು. ಕಬ್ಬಿಣದಲ್ಲಿ ವಿದ್ಯುತ್ತು ಹರಿಯುವುದರಿಂದ ಸುಲಿದ ವೈರು ಅದರ ಹತ್ತಿರ ಸುಳಿಯಬಾರದು.

ಹಳೆಯ ಬಣ್ಣದ ಬಗ್ಗೆ ಇನ್ನೊಂದು ಮಾತು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮುಂಚಿನ ಬಣ್ಣದಲ್ಲಿ ಸೀಸ ಇದ್ದೀತು. ಒಣಗಿದಂತೆಯೇ ಉಜ್ಜಿದರೆ ಅದರ ಪುಡಿ ಮಕ್ಕಳ ಮೈಗೆ ವಿಷ. ನೀರು ಹಾಕಿ, ಮೂಗುಬಾಯಿ ಮುಚ್ಚಿಕೊಂಡು, ಹೊರಗೆ ಕೂತು ಉಜ್ಜಬೇಕು. ಆಮೇಲೆ ರೆಡ್ ಆಕ್ಸೈಡ್ ಒಂದು ಕೈ, ಅದು ಒಣಗಿದ ಮೇಲೆ ಎನಾಮೆಲ್ ಎರಡು ಕೈ. ಇಷ್ಟು ಮಾಡಿದರೆ ಆ ಕಬ್ಬಿಣ ಇನ್ನೊಂದು ತಲೆಮಾರಿಗೆ ಬಂತು.

ಕೈಯ ಬೆಲೆ

ಬೀದರದವರಿಗೆ ಲೋಹವನ್ನು ಬದಲಿಸುವ ವಿದ್ಯೆ ಹೊಸದಲ್ಲ. ಬಿದ್ರಿ ಕಲೆಯ ಮೂಲದ್ರವ್ಯ ಏನು? ಬಹುಪಾಲು ಸತು, ಅದಕ್ಕೆ ಸ್ವಲ್ಪ ತಾಮ್ರ. ಪತ್ರಾಕ್ಕೆ ತುಕ್ಕು ಹಿಡಿಯದಂತೆ ಲೇಪಿಸುವುದೂ ಇದೇ ಸತುವನ್ನು. ಅದರಲ್ಲಿ ಹೂಜಿಯನ್ನೋ ಹುಕ್ಕಾದ ಬುಡವನ್ನೋ ಎರಕ ಹೊಯ್ದು, ಚಿತ್ತಾರ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಬೀದರ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳಗುತ್ತದೆ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಿದ್ರಿ ಪಾತ್ರೆಗಳನ್ನು ಇಡಲಾಗಿತ್ತು. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರಲ್ಲಿ ಬಿದ್ರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು.

ರ‍್ಯಾಕನ್ನು ಬಿದ್ರಿಯ ಪಕ್ಕಕ್ಕೆ ಕೂರಿಸುವ ಧೈರ್ಯ ಈ ಲೇಖನಕ್ಕಿಲ್ಲ. ಒಂದು ಕಲೆ, ಇನ್ನೊಂದು ಅನುಕೂಲ. ಆದರೂ ಎರಡರ ಹಿಂದೆ ಇರುವ ಒಂದು ತಿಳಿವಳಿಕೆ ಸಮಾನ. ಲೋಹದ ಬೆಲೆ ತೂಕದಲ್ಲಿಲ್ಲ, ಅದಕ್ಕೆ ತಗುಲಿದ ಕೈಯಲ್ಲಿದೆ. ಭಂಗಾರದ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಬಿದ್ದಿದ್ದದ್ದು ಮನೆಗೆ ಬಂದು ಮಗಳ ಓದುವ ಮೇಜಾದಾಗ ಅದಕ್ಕೆ ತೂಕದ ಬೆಲೆ ಕಟ್ಟಲಾಗದು.

ಈಗ ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹೊಳೆಯುವ ಕಪಾಟುಗಳು ಮನೆ ಬಾಗಿಲಿಗೇ ಬರುತ್ತವೆ. ನೋಡಲು ಚೆಂದ, ನಿಜ. ಆದರೆ ಎರಡು ಸಲ ಬಿಚ್ಚಿ ಕಟ್ಟಿದರೆ ಅವುಗಳ ತಿರುಪು ಹಿಡಿಯುವುದಿಲ್ಲ, ಒಂದು ಮಳೆಗಾಲದ ನೀರು ತಾಗಿದರೆ ಉಬ್ಬುತ್ತವೆ, ಆಮೇಲೆ ಕಸ. ಕೆಟ್ಟ ಮೇಲೆ ಇನ್ನೇನಾದರೂ ಆಗುವ ಯೋಗ ಅವಕ್ಕಿಲ್ಲ. ತೂತಿನ ಕಬ್ಬಿಣಕ್ಕೆ ಅದಿದೆ. ಕೊನೆಗೆ ಏನೂ ಆಗದಿದ್ದರೂ ಕರಗಿ ಮತ್ತೆ ಕಬ್ಬಿಣವೇ ಆಗುತ್ತದೆ.

ಬೀದರದ ಹಳೆಯ ಓಣಿಗಳಲ್ಲಿ ಛಾವಣಿ ಹೋಗಿ ಗೋಡೆ ಮಾತ್ರ ಉಳಿದ ಮನೆಗಳಿವೆ. ಅವುಗಳಲ್ಲಿ ಗೂಡುಗಳು ಇನ್ನೂ ಇವೆ. ಹಣತೆಯ ಮಸಿ ಅಂಟಿದವೂ ಇವೆ. ಇದ್ದವರು ಹೋದರು, ಗೂಡು ಅಲ್ಲೇ ಉಳಿಯಿತು. ಅವರ ಮೊಮ್ಮಕ್ಕಳು ಇಂದು ಬೇರೆಲ್ಲೋ, ಬಾಡಿಗೆಯ ಕೋಣೆಯೊಂದರಲ್ಲಿ, ಪಾನಾ ಹಿಡಿದು ನಾಲ್ಕು ಪಟ್ಟಿಗಳನ್ನು ನಿಲ್ಲಿಸುತ್ತಿರಬಹುದು. ಮೊದಲ ಹಲಗೆ ಎಷ್ಟು ಎತ್ತರಕ್ಕೆ ಬರಬೇಕು ಎಂದು ಅವರು ಮನೆಯಾಕೆಯನ್ನು ಕೇಳಿದರೆ, ಅವರ ಅಜ್ಜನ ಮನೆಯ ಗೌಂಡಿ ಕೇಳದೆ ಬಿಟ್ಟದ್ದನ್ನು ಕೇಳಿದಂತಾಗುತ್ತದೆ.